ತಾಜ್ ಮಹಲ್ ಪ್ಯಾಲೇಸ್ ಹೋಟೆಲು, ಮುಂಬಯಿ

ತಾಜ್ ಮಹಲ್ ಪ್ಯಾಲೇಸ್ ಹೋಟೆಲು ಮುಂಬಯಿ ಮಹಾನಗರದ ಕೊಲಾಬಾ ಭಾಗದಲ್ಲಿ, ಅಪೋಲೊ ಬಂದರಿನ ದಂಡೆಯ ಮೇಲೆ, ಗೇಟ್‌ವೇ ಆಫ್ ಇಂಡಿಯಾ ಸ್ಮಾರಕದ ಪಕ್ಕದಲ್ಲಿರುವ ಐತಿಹಾಸಿಕ ಹೋಟೆಲು. ಉದ್ಯಮಿ ಜಮ್ಷೆಡ್‌ಜಿ ನಸರ್ವಾನ್‌ಜಿ ಟಾಟಾ ಅವರು ಕಟ್ಟಿಸಿದ ಈ ಹೋಟೆಲು 1903ರ ಡಿಸೆಂಬರ್ 16ರಂದು ಪ್ರಾರಂಭವಾಯಿತು. ಬ್ರಿಟಿಷ್ ಆಳ್ವಿಕೆಯ ಕಾಲದಲ್ಲಿ ಭಾರತೀಯ ಬಂಡವಾಳದಿಂದ, ಭಾರತೀಯರೇ ರಚಿಸಿದ ಮೂಲ ನಕ್ಷೆಯಂತೆ ಎದ್ದುನಿಂತ ಬೃಹತ್ ಕಟ್ಟಡಗಳಲ್ಲಿ ಇದೂ ಒಂದು. ಕಾಲಕ್ರಮದಲ್ಲಿ ಇದು ಆಸ್ಪತ್ರೆಯಾಗಿ, ರಾಜಕೀಯ ಮಾತುಕತೆಗಳ ತಾಣವಾಗಿ, ಜಾಝ್ ಸಂಗೀತದ ನೆಲೆಯಾಗಿ ಬಳಕೆಯಾಯಿತು. 2008ರ ನವೆಂಬರ್ 26ರ ಭಯೋತ್ಪಾದಕ ದಾಳಿಯಲ್ಲಿ ತೀವ್ರ ಹಾನಿಗೊಳಗಾಗಿ ಮತ್ತೆ ದುರಸ್ತಿಗೊಂಡಿತು. ಈ ಕಟ್ಟಡದ ಬಗ್ಗೆ ಹಲವು ದಂತಕಥೆಗಳು ಪ್ರಚಲಿತವಾಗಿದ್ದು, ಅವುಗಳನ್ನು ದಾಖಲೆಗಳಿಂದ ತಿಳಿದುಬರುವ ಇತಿಹಾಸದಿಂದ ಬೇರ್ಪಡಿಸಿ ನೋಡುವುದು ಅಗತ್ಯ.

ಹೆಸರು

ಕನ್ನಡದಲ್ಲಿ ‘ಹೋಟೆಲು’ ಎಂದೊಡನೆ ಸಾಮಾನ್ಯವಾಗಿ ಕಾಫಿ, ತಿಂಡಿ, ಊಟ ದೊರೆಯುವ ಸ್ಥಳವೆಂಬ ಅರ್ಥವೇ ಮೊದಲು ಹೊಳೆಯುತ್ತದೆ. ಮುಂಬಯಿಯಲ್ಲಿ ಕನ್ನಡಿಗರು ಬೆಳೆಸಿದ ಉಡುಪಿ ಹೋಟೆಲುಗಳು ಈ ಬಗೆಯವು. ತಾಜ್ ಮಹಲ್ ಪ್ಯಾಲೇಸ್ ಪ್ರವಾಸಿಗರು ತಂಗುವ, ವಸತಿ ಪ್ರಧಾನವಾದ ಹೋಟೆಲು. ಮೊದಲಿಗೆ ಇದರ ಹೆಸರು ‘ತಾಜ್ ಮಹಲ್ ಹೋಟೆಲು’ ಎಂದಷ್ಟೇ ಇತ್ತು. ಆಗ್ರಾದ ಸ್ಮಾರಕದ ಹೆಸರನ್ನು ಇದಕ್ಕೆ ಇಡಲಾಗಿದ್ದರೂ ಎರಡು ಕಟ್ಟಡಗಳ ನಡುವೆ ಶೈಲಿಯಲ್ಲಾಗಲಿ ಉದ್ದೇಶದಲ್ಲಾಗಲಿ ನೇರ ಸಂಬಂಧವಿಲ್ಲ. ಪಕ್ಕದಲ್ಲಿ ಹೊಸ ಗೋಪುರ ಕಟ್ಟಡ ಬಂದ ಮೇಲೆ ಹಳೆಯ ಭಾಗವನ್ನು ‘ಪ್ಯಾಲೇಸ್’ ಎಂದೂ ಹೊಸದನ್ನು ‘ಟವರ್’ ಎಂದೂ ಗುರುತಿಸುವುದು ರೂಢಿಯಾಯಿತು.

ಹೋಟೆಲು ನಿಂತಿರುವ ದಂಡೆಗೆ ‘ಅಪೋಲೊ ಬಂದರು’ ಎಂಬ ಹೆಸರಿದೆ. ಸ್ಥಳೀಯರ ‘ಪಾಲ್ವಾ’ ಎಂಬ ಹೆಸರೇ ಆಂಗ್ಲರ ಬಾಯಲ್ಲಿ ‘ಅಪೋಲೊ’ ಆಯಿತೆಂಬುದು ಒಂದು ಅಭಿಪ್ರಾಯ. ಹಾಗಿದ್ದಲ್ಲಿ ಗ್ರೀಕರ ದೇವತೆಗೂ ಈ ಬಂದರಿಗೂ ಸಂಬಂಧವಿಲ್ಲ.

ಹಿನ್ನೆಲೆ

1869ರಲ್ಲಿ ಸೂಯೆಜ್ ಕಾಲುವೆ ತೆರೆದ ಬಳಿಕ ಯುರೋಪಿನಿಂದ ಭಾರತಕ್ಕೆ ಬರುವ ಹಡಗುಗಳ ದಾರಿ ಗಣನೀಯವಾಗಿ ಕಡಿಮೆಯಾಯಿತು. ಮುಂಬಯಿ ಬಂದರು ಭಾರತದ ಹೆಬ್ಬಾಗಿಲೆನಿಸಿತು. ಹಡಗಿನಿಂದ ಇಳಿದ ಅಧಿಕಾರಿಗಳು, ವರ್ತಕರು, ಪ್ರವಾಸಿಗರು ಇಲ್ಲಿಂದಲೇ ರೈಲು ಹಿಡಿದು ಒಳನಾಡಿಗೆ ತೆರಳುತ್ತಿದ್ದರು. ಆದರೆ ಇಷ್ಟು ದೊಡ್ಡ ಬಂದರು ನಗರಕ್ಕೆ ತಕ್ಕ ಹೋಟೆಲುಗಳು ಇರಲಿಲ್ಲವೆಂಬ ದೂರು ಆ ಕಾಲದಲ್ಲಿ ಸಾಮಾನ್ಯವಾಗಿತ್ತು. ಇದ್ದವುಗಳಲ್ಲಿ ಹೆಸರಾಗಿದ್ದುದು ವ್ಯಾಟ್ಸನ್ ಹೋಟೆಲು. ಇಂಗ್ಲೆಂಡಿನಲ್ಲಿ ಎರಕಹೊಯ್ದ ಕಬ್ಬಿಣದ ಚೌಕಟ್ಟನ್ನು ಹಡಗಿನಲ್ಲಿ ತಂದು ಜೋಡಿಸಿ ಕಟ್ಟಿದ ಕಟ್ಟಡ ಅದು. 1896ರ ಜುಲೈ 7ರಂದು ಲ್ಯುಮಿಯೆರ್ ಸಹೋದರರ ಚಲಿಸುವ ಚಿತ್ರಗಳ ಪ್ರದರ್ಶನ ಭಾರತದಲ್ಲಿ ಮೊದಲ ಬಾರಿಗೆ ನಡೆದದ್ದು ಅಲ್ಲಿಯೇ.

ಅದೇ 1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡ್ವಿ ಪ್ರದೇಶದಲ್ಲಿ ಪ್ಲೇಗು ಕಾಣಿಸಿಕೊಂಡಿತು. ಜನರು ಗುಂಪುಗುಂಪಾಗಿ ನಗರ ತೊರೆದರು, ವ್ಯಾಪಾರ ಕುಸಿಯಿತು. ಈ ಸಾಂಕ್ರಾಮಿಕವು ರೈಲುಮಾರ್ಗದ ಜೊತೆಗೆ ದಕ್ಷಿಣಕ್ಕೆ ಹರಡಿ 1898ರಲ್ಲಿ ಬೆಂಗಳೂರನ್ನೂ ತಲುಪಿತು. ಬೆಂಗಳೂರಿನಲ್ಲಿ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳ ಬೆಳವಣಿಗೆಗೆ ಇದೇ ಪ್ಲೇಗು ಪ್ರೇರಣೆಯಾದಂತೆ, ಮುಂಬಯಿಯಲ್ಲಿ 1898ರಲ್ಲಿ ನಗರ ಸುಧಾರಣಾ ಟ್ರಸ್ಟ್ ಸ್ಥಾಪನೆಯಾಯಿತು. ರೋಗದ ಹೆಸರಿನಿಂದ ಮಸುಕಾಗಿದ್ದ ತಮ್ಮ ನಗರದ ಮೇಲೆ ಹೊರಗಿನವರಿಗೆ ಮತ್ತೆ ವಿಶ್ವಾಸ ಮೂಡಬೇಕೆಂಬ ಹಂಬಲವು ಜಮ್ಷೆಡ್‌ಜಿಯವರ ಯೋಜನೆಯ ಹಿಂದಿತ್ತು ಎಂದು ಹಲವು ಲೇಖಕರು ಅಭಿಪ್ರಾಯಪಡುತ್ತಾರೆ.

ವ್ಯಾಟ್ಸನ್ ಹೋಟೆಲಿನ ಕಥೆ

ಜಮ್ಷೆಡ್‌ಜಿಯವರು ಒಮ್ಮೆ ವ್ಯಾಟ್ಸನ್ ಹೋಟೆಲಿಗೆ ಹೋದಾಗ ಭಾರತೀಯರೆಂಬ ಕಾರಣಕ್ಕೆ ಅವರನ್ನು ಒಳಗೆ ಬಿಡಲಿಲ್ಲ, ಆ ಅವಮಾನಕ್ಕೆ ಉತ್ತರವಾಗಿಯೇ ಅವರು ತಾಜ್ ಕಟ್ಟಿಸಿದರು ಎಂಬ ಕಥೆ ಬಹಳ ಪ್ರಸಿದ್ಧ. ಪಠ್ಯಗಳಲ್ಲಿಯೂ ಭಾಷಣಗಳಲ್ಲಿಯೂ ಇದನ್ನು ಘಟನೆಯೆಂದೇ ಉಲ್ಲೇಖಿಸುವುದುಂಟು. ಆದರೆ ಇತಿಹಾಸಕಾರರಲ್ಲಿ ಕೆಲವರು ಇದನ್ನು ಒಪ್ಪುವುದಿಲ್ಲ. ಅಂತಹ ಸೇಡಿನ ಮನೋಭಾವ ಜಮ್ಷೆಡ್‌ಜಿಯವರ ಸ್ವಭಾವಕ್ಕೆ ಹೊಂದುವುದಿಲ್ಲವೆಂಬುದು ಅವರ ವಾದ. ಮುಂಬಯಿಗೆ ಯೋಗ್ಯವಾದ ಹೋಟೆಲು ಬೇಕೆಂದು ಆಂಗ್ಲ ಪತ್ರಿಕಾ ಸಂಪಾದಕರೊಬ್ಬರು ಅವರನ್ನು ಒತ್ತಾಯಿಸಿದ್ದೇ ಕಾರಣವೆಂಬ ಇನ್ನೊಂದು ನಿರೂಪಣೆಯೂ ಇದೆ.

ಕಥೆ ನಿಜವಿರಲಿ ಇಲ್ಲದಿರಲಿ, ಅದು ಹುಟ್ಟಲು ಬೇಕಾದ ಪರಿಸ್ಥಿತಿ ಅಂದು ಇತ್ತೆಂಬುದರಲ್ಲಿ ಸಂದೇಹವಿಲ್ಲ. ಅಪೋಲೊ ಬಂದರಿನಲ್ಲಿಯೇ ಇರುವ ರಾಯಲ್ ಬಾಂಬೆ ಯಾಟ್ ಕ್ಲಬ್ಬಿನ ಸದಸ್ಯತ್ವ ಯುರೋಪಿಯನ್ನರಿಗೆ ಮಾತ್ರ ಮೀಸಲಾಗಿತ್ತು. ಅದರ ನೆರೆಯಲ್ಲಿಯೇ, ಭಾರತೀಯರೊಬ್ಬರ ಒಡೆತನದಲ್ಲಿ, ಜನಾಂಗ ಭೇದವಿಲ್ಲದೆ ಎಲ್ಲರಿಗೂ ಬಾಗಿಲು ತೆರೆದ ಹೋಟೆಲೊಂದು ಎದ್ದುನಿಂತಿತು. ಬಣ್ಣದ ಅಡ್ಡಗೋಡೆ ಇಲ್ಲಿ ಇರಲಿಲ್ಲವಾದರೂ ಹಣದ ಅಡ್ಡಗೋಡೆ ಇದ್ದೇ ಇತ್ತು. ಸಾಮಾನ್ಯ ಜನರಿಗೆ ಇದು ಹೊರಗಿನಿಂದ ನೋಡುವ ಕಟ್ಟಡವಾಗಿತ್ತು.

ಜಮ್ಷೆಡ್‌ಜಿ ಟಾಟಾ ಮತ್ತು ಅವರ ಯೋಜನೆಗಳು

ಜಮ್ಷೆಡ್‌ಜಿ ಟಾಟಾ (1839–1904) ಗುಜರಾತಿನ ನವಸಾರಿಯಲ್ಲಿ ಪಾರ್ಸಿ ಕುಟುಂಬದಲ್ಲಿ ಜನಿಸಿದರು. ಹತ್ತಿ ಗಿರಣಿಗಳಿಂದ ಸಂಪತ್ತು ಗಳಿಸಿದ ಅವರು ತಮ್ಮ ಕೊನೆಯ ವರ್ಷಗಳಲ್ಲಿ ಉಕ್ಕಿನ ಕಾರ್ಖಾನೆ, ಜಲವಿದ್ಯುತ್ ಮತ್ತು ವಿಜ್ಞಾನ ಸಂಶೋಧನಾ ಸಂಸ್ಥೆ ಎಂಬ ಮೂರು ಬೃಹತ್ ಯೋಜನೆಗಳ ಬೆನ್ನು ಹತ್ತಿದ್ದರು. ಈ ಮೂರೂ ಕಾರ್ಯರೂಪಕ್ಕೆ ಬಂದದ್ದು ಅವರ ಮರಣಾನಂತರ. ಅವರು ಬದುಕಿರುವಾಗಲೇ ಪೂರೈಸಿದ ದೊಡ್ಡ ಕನಸು ಈ ಹೋಟೆಲು ಮಾತ್ರ.

ವಿಜ್ಞಾನ ಸಂಸ್ಥೆಯ ಯೋಜನೆ ಕನ್ನಡ ನಾಡಿಗೆ ಸಂಬಂಧಿಸಿದ್ದು. ಮೈಸೂರು ಸಂಸ್ಥಾನವು 371 ಎಕರೆ ಭೂಮಿಯನ್ನು ನೀಡಿದ್ದರಿಂದ ಬೆಂಗಳೂರಿನಲ್ಲಿ 1909ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಸ್ಥಾಪನೆಯಾಯಿತು. ಬೆಂಗಳೂರಿನ ಜನ ಇಂದಿಗೂ ಅದನ್ನು ‘ಟಾಟಾ ಇನ್‌ಸ್ಟಿಟ್ಯೂಟ್’ ಎಂದೇ ಕರೆಯುತ್ತಾರೆ. ಹೋಟೆಲಿನ ವಿಚಾರ ಮನೆಯಲ್ಲಿ ಪ್ರಸ್ತಾಪವಾದಾಗ ಅವರ ಸಹೋದರಿಯೊಬ್ಬರು, ಬೆಂಗಳೂರಿನಲ್ಲಿ ವಿಜ್ಞಾನ ಸಂಸ್ಥೆ ಕಟ್ಟಲು ಹೊರಟವರು, ಕಬ್ಬಿಣದ ಕಾರ್ಖಾನೆಯ ಮಾತನಾಡುವವರು, ಈಗ ಒಂದು ಖಾನಾವಳಿಯನ್ನು ತೆರೆಯುವುದೇ ಎಂದು ಮೂದಲಿಸಿದರೆಂದು ಹೇಳಲಾಗುತ್ತದೆ. ಹೋಟೆಲು ನಡೆಸುವುದು ಪ್ರತಿಷ್ಠಿತ ಮನೆತನಕ್ಕೆ ಶೋಭಿಸದ ಕೆಲಸವೆಂಬ ಅಂದಿನ ಭಾವನೆ ಈ ಮಾತಿನಲ್ಲಿ ಕಾಣುತ್ತದೆ. ಜಮ್ಷೆಡ್‌ಜಿ ಇದಕ್ಕೆ ತಮ್ಮ ಸ್ವಂತ ಹಣವನ್ನೇ ತೊಡಗಿಸಿದರು. ತಾವು ಹೋಟೆಲಿನ ಮಾಲೀಕರಾಗಿ ಉಳಿಯಬೇಕೆನ್ನುವುದಕ್ಕಿಂತ, ಜನರನ್ನು ಭಾರತಕ್ಕೆ ಆಕರ್ಷಿಸಬೇಕೆಂಬುದು ಅವರ ಉದ್ದೇಶವಾಗಿತ್ತು.

ನಿರ್ಮಾಣ

ಹೋಟೆಲಿನ ಮೂಲ ನಕ್ಷೆಯನ್ನು ಸಿದ್ಧಪಡಿಸಿದವರು ಸೀತಾರಾಮ್ ಖಂಡೇರಾವ್ ವೈದ್ಯ ಮತ್ತು ಡಿ. ಎನ್. ಮಿರ್ಜಾ ಎಂಬ ಇಬ್ಬರು ಭಾರತೀಯರು. ವೈದ್ಯರು ಮುಂಬಯಿಯ ವಿಕ್ಟೋರಿಯಾ ಟರ್ಮಿನಸ್ (ಇಂದಿನ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ನಿರ್ಮಾಣದಲ್ಲಿ ವಾಸ್ತುಶಿಲ್ಪಿ ಎಫ್. ಡಬ್ಲ್ಯು. ಸ್ಟೀವನ್ಸ್ ಅವರಿಗೆ ಸಹಾಯಕ ಎಂಜಿನಿಯರ್ ಆಗಿದ್ದವರು. ಆ ಕಾಲದಲ್ಲಿ ಭಾರತೀಯ ಎಂಜಿನಿಯರುಗಳು ಆಂಗ್ಲ ವಾಸ್ತುಶಿಲ್ಪಿಗಳ ಕೈಕೆಳಗೆ ದುಡಿಯುವುದು ವಾಡಿಕೆಯಾಗಿತ್ತೇ ಹೊರತು ಬೃಹತ್ ಕಟ್ಟಡವೊಂದರ ಮುಖ್ಯ ಹೊಣೆ ಅವರಿಗೆ ದೊರೆಯುವುದು ಅಪರೂಪವಾಗಿತ್ತು.

ವೈದ್ಯರು ತಮ್ಮ ಕಟ್ಟಡವನ್ನು ಪೂರ್ಣರೂಪದಲ್ಲಿ ಕಾಣಲಿಲ್ಲ. ಅವರು 1900ರಲ್ಲಿ ಕಾಯಿಲೆಯಿಂದ ನಿಧನರಾದರು. ಬಳಿಕ ಆಂಗ್ಲ ವಾಸ್ತುಶಿಲ್ಪಿ ಡಬ್ಲ್ಯು. ಎ. ಚೇಂಬರ್ಸ್ ಕೆಲಸವನ್ನು ಮುಂದುವರಿಸಿ ಮುಗಿಸಿದರು. ಕಟ್ಟಡದ ಗುತ್ತಿಗೆದಾರರು ಖಾನ್ ಸಾಹೇಬ್ ಸೊರಾಬ್‌ಜಿ ರತನ್‌ಜಿ ಕಂಟ್ರಾಕ್ಟರ್. ಗುಮ್ಮಟದ ಕೆಳಗಿನ, ಆಧಾರವಿಲ್ಲದೆ ತೇಲುವಂತೆ ಕಾಣುವ ಪ್ರಸಿದ್ಧ ಮಧ್ಯದ ಮೆಟ್ಟಿಲುಗಳ ವಿನ್ಯಾಸವೂ ಅವರದೇ. ನಿರ್ಮಾಣದ ಒಟ್ಟು ವೆಚ್ಚ ಸುಮಾರು ಎರಡೂವರೆ ಲಕ್ಷ ಪೌಂಡುಗಳೆಂದು ಹೇಳಲಾಗಿದೆ.

ವಾಸ್ತುಶೈಲಿ

ಕಟ್ಟಡವು ಇಂಡೋ-ಸಾರ್ಸೆನಿಕ್ ಎಂದು ಕರೆಯಲಾಗುವ ಮಿಶ್ರ ಶೈಲಿಯಲ್ಲಿದೆ. ಭಾರತೀಯ ಮತ್ತು ಇಸ್ಲಾಮಿಕ್ ವಾಸ್ತುವಿನ ಗುಮ್ಮಟ, ಕಮಾನು, ಜಾಲಂಧ್ರಗಳನ್ನು ಯುರೋಪಿನ ಕಟ್ಟಡ ವಿಧಾನದೊಂದಿಗೆ ಬೆರೆಸುವುದು ಈ ಶೈಲಿಯ ಲಕ್ಷಣ. ಕನ್ನಡಿಗರಿಗೆ ಪರಿಚಿತವಾದ ಮೈಸೂರು ಅರಮನೆ ಇದೇ ಶೈಲಿಯ ಇನ್ನೊಂದು ಉದಾಹರಣೆ. 1897ರಲ್ಲಿ ಹಳೆಯ ಅರಮನೆ ಬೆಂಕಿಗೆ ಆಹುತಿಯಾದ ಮೇಲೆ ಹೆನ್ರಿ ಇರ್ವಿನ್ ಅವರ ನಕ್ಷೆಯಂತೆ ಅದರ ನಿರ್ಮಾಣ ಆರಂಭವಾಗಿ 1912ರಲ್ಲಿ ಮುಗಿಯಿತು. ಹೀಗಾಗಿ ಈ ಎರಡೂ ಕಟ್ಟಡಗಳು ಬಹುಮಟ್ಟಿಗೆ ಸಮಕಾಲೀನವಾದವು.

ತಾಜ್ ಕಟ್ಟಡದ ಮಧ್ಯದಲ್ಲಿ ಕೆಂಪು ಬಣ್ಣದ ದೊಡ್ಡ ಗುಮ್ಮಟವೂ ಮೂಲೆಗಳಲ್ಲಿ ಚಿಕ್ಕ ಗುಮ್ಮಟಗಳನ್ನು ಹೊತ್ತ ಗೋಪುರಗಳೂ ಇವೆ. ಬಂದರಿಗೆ ಬರುವ ಹಡಗುಗಳಿಗೆ ದೂರದಿಂದಲೇ ಕಾಣುವ ಮುಖ್ಯ ಗುಮ್ಮಟವು ನಾವಿಕರಿಗೆ ದಿಕ್ಕು ನಿರ್ಧರಿಸುವ ಹಗಲಿನ ಗುರುತಾಗಿಯೂ ಉಪಯೋಗವಾಯಿತು.

‘ಹಿಂದುಮುಂದಾದ’ ಕಟ್ಟಡದ ದಂತಕಥೆ

ವಿದೇಶೀ ವಾಸ್ತುಶಿಲ್ಪಿಯೊಬ್ಬ ನಕ್ಷೆ ಕೊಟ್ಟು ಸ್ವದೇಶಕ್ಕೆ ಹೋದನೆಂದೂ, ಮರಳಿ ಬಂದಾಗ ಕಟ್ಟಡದ ಮುಂಭಾಗ ಸಮುದ್ರಕ್ಕೆ ಬೆನ್ನು ಮಾಡಿ ನಿಂತಿದ್ದುದನ್ನು ಕಂಡು ಆತ್ಮಹತ್ಯೆ ಮಾಡಿಕೊಂಡನೆಂದೂ ಮುಂಬಯಿಯಲ್ಲಿ ಒಂದು ಕಥೆ ಪ್ರಚಾರದಲ್ಲಿದೆ. ಪ್ರವಾಸಿ ಮಾರ್ಗದರ್ಶಕರು ಇದನ್ನು ಇಂದಿಗೂ ಹೇಳುತ್ತಾರೆ. ಈ ಕಥೆಗೆ ಆಧಾರವಿಲ್ಲ. ಮೂಲ ನಕ್ಷೆ ರಚಿಸಿದವರು ವಿದೇಶೀಯರಲ್ಲ; ವೈದ್ಯರು ತೀರಿಕೊಂಡದ್ದು ಕಾಯಿಲೆಯಿಂದ, ಅದೂ ಕಟ್ಟಡ ಮುಗಿಯುವ ಮುನ್ನ.

ಕಥೆಯಲ್ಲಿ ಒಂದು ಅಂಶ ಮಾತ್ರ ನಿಜ. ಮೂಲದಲ್ಲಿ ಹೋಟೆಲಿನ ಮುಖ್ಯ ಪ್ರವೇಶ ಬಂದರಿನ ಕಡೆಗಿರದೆ ಪಶ್ಚಿಮಕ್ಕೆ, ಅಂದರೆ ನಗರದ ಕಡೆಗಿತ್ತು. ಇದು ತಪ್ಪಿನಿಂದ ಆದದ್ದಲ್ಲ. ಇಂಗ್ಲಿಷಿನ ‘ಯು’ ಅಕ್ಷರದ ಆಕಾರದಲ್ಲಿದ್ದ ಕಟ್ಟಡದ ಎರಡು ತೋಳುಗಳ ನಡುವಿನ ಅಂಗಳಕ್ಕೆ ಕುದುರೆಗಾಡಿಗಳು ನಗರದ ಕಡೆಯಿಂದ ಬಂದು ನಿಲ್ಲುತ್ತಿದ್ದವು. ಬಂದರಿನ ಬದಿಯ ನೆಲ ಆಗ ಇಂದಿನಷ್ಟು ವಿಶಾಲವಾಗಿರಲಿಲ್ಲ. ಗೇಟ್‌ವೇ ನಿಂತಿರುವ ಭೂಮಿ 1915ರಿಂದ 1919ರ ಅವಧಿಯಲ್ಲಿ ಸಮುದ್ರವನ್ನು ತುಂಬಿ ಪಡೆದದ್ದು. ಮುಂದೆ ಪ್ರವೇಶವನ್ನು ಬಂದರಿನ ಕಡೆಗೆ ಬದಲಿಸಲಾಯಿತು. ಹಳೆಯ ಪ್ರವೇಶದ ಅಂಗಳದಲ್ಲಿ ಈಗ ಈಜುಕೊಳವಿದೆ. ಈ ದಂತಕಥೆಯಿಂದಾಗಿ, ಇಲ್ಲದ ಒಬ್ಬ ವಿದೇಶೀಯನ ದುರಂತವು ಜನರ ನೆನಪಿನಲ್ಲಿ ಉಳಿದು, ನಿಜವಾಗಿ ಕಟ್ಟಡವನ್ನು ರೂಪಿಸಿದ ವೈದ್ಯ ಮತ್ತು ಮಿರ್ಜಾ ಅವರ ಹೆಸರುಗಳು ಬಹುಕಾಲ ಮರೆಯಲ್ಲಿ ಉಳಿದವು.

ಪ್ರಾರಂಭ

1903ರ ಡಿಸೆಂಬರ್ 16ರಂದು ಹೋಟೆಲು ತೆರೆದಾಗ ಗುಮ್ಮಟವೂ ಸೇರಿದಂತೆ ಕಟ್ಟಡದ ಕೆಲವು ಭಾಗಗಳು ಇನ್ನೂ ಪೂರ್ಣಗೊಂಡಿರಲಿಲ್ಲ. ಮೊದಲ ದಿನ ತಂಗಿದವರು 17 ಮಂದಿ ಅತಿಥಿಗಳು. ವಿದ್ಯುತ್ ದೀಪಗಳಿಂದ ಬೆಳಗಿದ ಮುಂಬಯಿಯ ಮೊದಲ ಕಟ್ಟಡಗಳಲ್ಲಿ ಇದು ಒಂದು; ಇದಕ್ಕಾಗಿ ಹೋಟೆಲು ತನ್ನದೇ ವಿದ್ಯುತ್ ಉತ್ಪಾದನಾ ವ್ಯವಸ್ಥೆ ಹೊಂದಿತ್ತು. ಮೈಸೂರು ಸಂಸ್ಥಾನದಲ್ಲಿ ಶಿವನಸಮುದ್ರದ ಜಲವಿದ್ಯುತ್ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹರಿದಿತ್ತು. ಬೆಂಗಳೂರಿನ ಬೀದಿಗಳಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ. ವಿದ್ಯುತ್ತು ಅಂದು ಎಷ್ಟು ಹೊಸದಾಗಿತ್ತೆಂಬುದು ಇದರಿಂದ ತಿಳಿಯುತ್ತದೆ. ಅಮೆರಿಕದ ಬೀಸಣಿಗೆಗಳು, ಜರ್ಮನಿಯ ಲಿಫ್ಟುಗಳು, ತುರ್ಕಿ ಮಾದರಿಯ ಸ್ನಾನಗೃಹಗಳು ಹೋಟೆಲಿನ ಆಕರ್ಷಣೆಗಳಾಗಿದ್ದವು. ಬೀಸಣಿಗೆ ಮತ್ತು ಸ್ನಾನಗೃಹ ಸಹಿತವಾದ ಕೋಣೆಗೆ ದಿನಕ್ಕೆ 13 ರೂಪಾಯಿ, ಊಟ ಸೇರಿದರೆ 20 ರೂಪಾಯಿ ಬಾಡಿಗೆಯಿತ್ತೆಂದು ಹೇಳಲಾಗುತ್ತದೆ.

ಹೋಟೆಲು ಪ್ರಾರಂಭವಾದ ಐದು ತಿಂಗಳಲ್ಲಿ, 1904ರ ಮೇ 19ರಂದು, ಜಮ್ಷೆಡ್‌ಜಿ ಟಾಟಾ ಜರ್ಮನಿಯಲ್ಲಿ ನಿಧನರಾದರು. ಇಂಡಿಯನ್ ಹೋಟೆಲ್ಸ್ ಕಂಪನಿ ಹೋಟೆಲಿನ ಆಡಳಿತವನ್ನು ಮುಂದುವರಿಸಿತು.

ಬಂದರು ಮತ್ತು ಗೇಟ್‌ವೇ

ಗೇಟ್‌ವೇ ಆಫ್ ಇಂಡಿಯಾ ಹೋಟೆಲಿಗಿಂತ ಹಳೆಯದೆಂದು ಅನೇಕರು ಭಾವಿಸುತ್ತಾರೆ. ವಾಸ್ತವದಲ್ಲಿ ಹೋಟೆಲೇ ಎರಡು ದಶಕಗಳಷ್ಟು ಹಳೆಯದು. 1911ರ ಡಿಸೆಂಬರಿನಲ್ಲಿ ಐದನೆಯ ಜಾರ್ಜ್ ದೊರೆ ಅಪೋಲೊ ಬಂದರಿನಲ್ಲಿ ಇಳಿದಾಗ ಅಲ್ಲಿ ಸ್ಮಾರಕವಿರಲಿಲ್ಲ. ಹೋಟೆಲು ಆಗಲೇ ಇತ್ತು. ಆ ಭೇಟಿಯ ನೆನಪಿಗಾಗಿ ಜಾರ್ಜ್ ವಿಟೆಟ್ ಅವರ ವಿನ್ಯಾಸದಂತೆ ಕಟ್ಟಿದ ಸ್ಮಾರಕ 1924ರ ಡಿಸೆಂಬರ್ 4ರಂದು ಉದ್ಘಾಟನೆಯಾಯಿತು. ಸಾಮ್ರಾಜ್ಯದ ವೈಭವವನ್ನು ಸಾರಲು ನಿಂತ ಅದೇ ಕಮಾನಿನ ಮೂಲಕ 1948ರ ಫೆಬ್ರವರಿ 28ರಂದು ಬ್ರಿಟಿಷ್ ಸೇನೆಯ ಕೊನೆಯ ತುಕಡಿ ಭಾರತದಿಂದ ನಿರ್ಗಮಿಸಿತು. ಬಂದವರನ್ನೂ ಹೋದವರನ್ನೂ ಹೋಟೆಲಿನ ಕಿಟಕಿಗಳಿಂದ ನೋಡಬಹುದಾಗಿತ್ತು.

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಹೋಟೆಲನ್ನು 600 ಹಾಸಿಗೆಗಳ ಸೇನಾ ಆಸ್ಪತ್ರೆಯಾಗಿ ಪರಿವರ್ತಿಸಲಾಗಿತ್ತು.

ಸಾರ್ವಜನಿಕ ಜೀವನದಲ್ಲಿ ಹೋಟೆಲು

ದೇಶೀಯ ಸಂಸ್ಥಾನಗಳ ರಾಜರು ಮುಂಬಯಿಗೆ ಬಂದಾಗ ತಂಗುವ ಮುಖ್ಯ ಸ್ಥಳಗಳಲ್ಲಿ ತಾಜ್ ಒಂದಾಗಿತ್ತು. ರಾಷ್ಟ್ರೀಯ ಚಳವಳಿಯ ನಾಯಕರಿಗೂ ಇದು ಪರಿಚಿತವಾಗಿತ್ತು. ಸರೋಜಿನಿ ನಾಯ್ಡು ಅವರು ಇಲ್ಲಿ ತಂಗುತ್ತಿದ್ದು, ಅವರ ಕೋಣೆಯಲ್ಲಿ ಅನೇಕ ರಾಜಕೀಯ ಮಾತುಕತೆಗಳು ನಡೆದವು. ಮಹಮ್ಮದಾಲಿ ಜಿನ್ನಾ ಅವರ ಪತ್ನಿ ರತನ್‌ಬಾಯಿ ತಮ್ಮ ಕೊನೆಯ ದಿನಗಳನ್ನು ಇಲ್ಲಿ ಕಳೆದರು. ಅವರು 1929ರ ಫೆಬ್ರವರಿಯಲ್ಲಿ ನಿಧನರಾದರು.

1930ರ ದಶಕದಲ್ಲಿ ಹೋಟೆಲಿನ ನೃತ್ಯಶಾಲೆ ಜಾಝ್ ಸಂಗೀತಕ್ಕೆ ಹೆಸರಾಯಿತು. ಅಮೆರಿಕದ ಕಪ್ಪು ಸಂಗೀತಗಾರರಾದ ಲಿಯೋನ್ ಆಬಿ, ಟೆಡಿ ವೆದರ್‌ಫರ್ಡ್ ಮೊದಲಾದವರು ಇಲ್ಲಿ ವಾದ್ಯವೃಂದಗಳನ್ನು ನಡೆಸಿದರು. ತಮ್ಮ ದೇಶದಲ್ಲಿ ವರ್ಣಭೇದಕ್ಕೆ ಗುರಿಯಾಗುತ್ತಿದ್ದ ಈ ಕಲಾವಿದರಿಂದ ಗೋವಾ ಮೂಲದ ಸಂಗೀತಗಾರರು ಕಲಿತರು. ಆ ವಾದನಶೈಲಿ ಮುಂದೆ ಹಿಂದಿ ಚಲನಚಿತ್ರ ಸಂಗೀತದೊಳಕ್ಕೂ ಹರಿದುಬಂದಿತು. 1966ರಲ್ಲಿ ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ ಇಲ್ಲಿ ತಂಗಿದ್ದು, ಪಂಡಿತ್ ರವಿಶಂಕರ್ ಅವರಿಂದ ಸಿತಾರ್ ಪಾಠ ಪಡೆದರು.

ಸ್ವಾತಂತ್ರ್ಯಾನಂತರದ ಬೆಳವಣಿಗೆ

ಪಕ್ಕದಲ್ಲಿದ್ದ ಗ್ರೀನ್ಸ್ ಹೋಟೆಲನ್ನು ಟಾಟಾ ಸಂಸ್ಥೆ ಮೊದಲೇ ಕೊಂಡುಕೊಂಡಿತ್ತು. ಅದನ್ನು ಕೆಡವಿ ಆ ಜಾಗದಲ್ಲಿ ಬಹುಮಹಡಿಯ ಗೋಪುರ ಕಟ್ಟಡವನ್ನು ನಿರ್ಮಿಸಲಾಯಿತು. ಅದು 1970ರ ದಶಕದ ಆರಂಭದಲ್ಲಿ ಬಳಕೆಗೆ ಬಂದಿತು. ಅದೇ ಅವಧಿಯಲ್ಲಿ ಕಂಪನಿಯು ರಾಜಸ್ಥಾನದ ಅರಮನೆಗಳನ್ನು ಹೋಟೆಲುಗಳಾಗಿ ನಡೆಸಲು ಆರಂಭಿಸಿ, ಒಂದೇ ಹೋಟೆಲಿನ ಸಂಸ್ಥೆಯಿಂದ ದೊಡ್ಡ ಸಮೂಹವಾಗಿ ಬೆಳೆಯಿತು. 1887ರಲ್ಲಿ ಆರಂಭವಾದ ಬೆಂಗಳೂರಿನ ವೆಸ್ಟ್ ಎಂಡ್ ಹೋಟೆಲು 1984ರಲ್ಲಿ ಈ ಸಮೂಹಕ್ಕೆ ಸೇರಿತು.

2003ರ ಆಗಸ್ಟ್ 25ರಂದು ಮುಂಬಯಿಯಲ್ಲಿ ನಡೆದ ಕಾರ್‌ಬಾಂಬ್ ಸ್ಫೋಟಗಳಲ್ಲಿ ಒಂದು ಗೇಟ್‌ವೇ ಬಳಿ, ಹೋಟೆಲಿಗೆ ಸಮೀಪದಲ್ಲಿಯೇ ಸಂಭವಿಸಿತು.

2008ರ ಭಯೋತ್ಪಾದಕ ದಾಳಿ

2008ರ ನವೆಂಬರ್ 26ರ ರಾತ್ರಿ ಸಮುದ್ರ ಮಾರ್ಗವಾಗಿ ಬಂದ ಲಷ್ಕರ್-ಎ-ತಯ್ಯಬಾ ಸಂಘಟನೆಯ ಹತ್ತು ಮಂದಿ ಭಯೋತ್ಪಾದಕರು ಮುಂಬಯಿಯ ಹಲವು ಸ್ಥಳಗಳ ಮೇಲೆ ದಾಳಿ ನಡೆಸಿದರು. ಅವರಲ್ಲಿ ನಾಲ್ವರು ತಾಜ್ ಹೋಟೆಲನ್ನು ಪ್ರವೇಶಿಸಿದರು. ಗುಂಡಿನ ದಾಳಿ, ಬಾಂಬುಗಳು ಮತ್ತು ಬೆಂಕಿಯಿಂದ ಹಳೆಯ ಕಟ್ಟಡದ ಮೇಲ್ಮಹಡಿಗಳಿಗೆ ಅಪಾರ ಹಾನಿಯಾಯಿತು. ರಾಷ್ಟ್ರೀಯ ಭದ್ರತಾ ಪಡೆಯ ಕಾರ್ಯಾಚರಣೆ ನವೆಂಬರ್ 29ರ ಬೆಳಿಗ್ಗೆ ಮುಗಿಯಿತು. ಹೋಟೆಲಿನಲ್ಲಿ ಮಡಿದವರು 31 ಮಂದಿ. ನಗರದ ಒಟ್ಟು ಸಾವುಗಳ ಸಂಖ್ಯೆ 166.

ಕಾರ್ಯಾಚರಣೆಯಲ್ಲಿ ಹುತಾತ್ಮರಾದ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಬೆಂಗಳೂರಿನಲ್ಲಿ ಬೆಳೆದವರು. ಅವರಿಗೆ 2009ರಲ್ಲಿ ಮರಣೋತ್ತರವಾಗಿ ಅಶೋಕ ಚಕ್ರ ನೀಡಲಾಯಿತು. ಬೆಂಗಳೂರಿನ ಯಲಹಂಕ ಭಾಗದಲ್ಲಿ ಒಂದು ರಸ್ತೆಗೆ ಅವರ ಹೆಸರಿಡಲಾಗಿದೆ.

ದಾಳಿಯ ವೇಳೆ ಹೋಟೆಲಿನ ಸಿಬ್ಬಂದಿ ನಡೆದುಕೊಂಡ ರೀತಿ ವಿಶೇಷವಾಗಿ ಗಮನ ಸೆಳೆಯಿತು. ಕಟ್ಟಡದ ಹಿಂಬಾಗಿಲುಗಳನ್ನೂ ಸೇವಕರ ಓಣಿಗಳನ್ನೂ ಬಲ್ಲ ನೌಕರರು ತಪ್ಪಿಸಿಕೊಂಡು ಹೋಗಲು ಸಾಧ್ಯವಿದ್ದರೂ ಉಳಿದು, ಅತಿಥಿಗಳನ್ನು ಅಡುಗೆಮನೆಯ ಮಾರ್ಗವಾಗಿ ಹೊರಗೆ ಕಳುಹಿಸಿದರು. ಮಡಿದವರಲ್ಲಿ 11 ಮಂದಿ ನೌಕರರು. ಪ್ರಧಾನ ವ್ಯವಸ್ಥಾಪಕರ ಪತ್ನಿ ಮತ್ತು ಇಬ್ಬರು ಮಕ್ಕಳು ಬೆಂಕಿಯಲ್ಲಿ ತೀರಿಕೊಂಡರು. ಆದರೂ ಅವರು ಕರ್ತವ್ಯದಿಂದ ಕದಲಲಿಲ್ಲ. ಈ ನಡವಳಿಕೆಯನ್ನು ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಅಧ್ಯಯನದ ವಿಷಯವಾಗಿ ತೆಗೆದುಕೊಂಡಿತು. ಸಂತ್ರಸ್ತರ ನೆರವಿಗಾಗಿ 2008ರ ಡಿಸೆಂಬರಿನಲ್ಲಿ ತಾಜ್ ಪಬ್ಲಿಕ್ ಸರ್ವಿಸ್ ವೆಲ್‌ಫೇರ್ ಟ್ರಸ್ಟ್ ಸ್ಥಾಪನೆಯಾಯಿತು.

ಪುನರ್ನಿರ್ಮಾಣ

ಕಡಿಮೆ ಹಾನಿಗೊಳಗಾಗಿದ್ದ ಗೋಪುರ ಭಾಗವು ದಾಳಿ ನಡೆದು ಒಂದು ತಿಂಗಳು ತುಂಬುವ ಮೊದಲೇ, 2008ರ ಡಿಸೆಂಬರ್ 21ರಂದು, ಮತ್ತೆ ತೆರೆಯಿತು. ಹಳೆಯ ಭಾಗದ ದುರಸ್ತಿಗೆ ಸುಮಾರು ಇಪ್ಪತ್ತೊಂದು ತಿಂಗಳು ಹಿಡಿದವು. 2010ರ ಆಗಸ್ಟ್ 15ರ ಸ್ವಾತಂತ್ರ್ಯ ದಿನದಂದು ಅದು ಅತಿಥಿಗಳಿಗೆ ತೆರೆದುಕೊಂಡಿತು. ಅದೇ ವರ್ಷದ ನವೆಂಬರಿನಲ್ಲಿ ಅಮೆರಿಕದ ಅಧ್ಯಕ್ಷ ಬರಾಕ್ ಒಬಾಮಾ ಇಲ್ಲಿ ತಂಗಿದರು. 2017ರಲ್ಲಿ ಕಟ್ಟಡದ ಆಕೃತಿಗೆ ಟ್ರೇಡ್‌ಮಾರ್ಕ್ ನೋಂದಣಿ ದೊರೆಯಿತು. ಭಾರತದಲ್ಲಿ ಕಟ್ಟಡವೊಂದಕ್ಕೆ ಇಂತಹ ನೋಂದಣಿ ದೊರೆತದ್ದು ಇದೇ ಮೊದಲು.

ಮಹತ್ವ

ಹಡಗಿನ ಪ್ರಯಾಣದ ಕಾಲ ಮುಗಿದು, ವಿದೇಶದಿಂದ ಬರುವವರು ಬಂದರಿನ ಬದಲು ವಿಮಾನ ನಿಲ್ದಾಣದಲ್ಲಿ ಇಳಿಯುವಂತಾದರೂ ಈ ಹೋಟೆಲು ಮುಂಬಯಿ ನಗರದ ಗುರುತಾಗಿ ಉಳಿದಿದೆ. ವ್ಯಾಟ್ಸನ್ ಹೋಟೆಲಿನ ಕಟ್ಟಡ ‘ಎಸ್‌ಪ್ಲನೇಡ್ ಮ್ಯಾನ್ಶನ್’ ಎಂಬ ಹೆಸರಿನಲ್ಲಿ ಜೀರ್ಣಾವಸ್ಥೆಗೆ ಇಳಿಯಿತು. ತಾಜ್ ಮಾತ್ರ ತಾನು ಯಾವ ಕೆಲಸಕ್ಕಾಗಿ ನಿರ್ಮಾಣವಾಯಿತೋ ಅದೇ ಕೆಲಸವನ್ನು ಇಂದಿಗೂ ಮಾಡುತ್ತಿದೆ. ಅವಮಾನದ ಸೇಡು, ಹಿಂದುಮುಂದಾದ ನಕ್ಷೆ ಮುಂತಾದ ಕಥೆಗಳನ್ನು ಬದಿಗಿಟ್ಟು ನೋಡಿದರೆ ಇದರ ಇತಿಹಾಸವು ಮುಖ್ಯವಾಗಿ ದುಡಿದವರ ಇತಿಹಾಸ: ನಕ್ಷೆ ಬರೆದ ಎಂಜಿನಿಯರರು, ಮೆಟ್ಟಿಲು ಕಟ್ಟಿದ ಗುತ್ತಿಗೆದಾರರು, ವಾದ್ಯ ನುಡಿಸಿದ ಕಲಾವಿದರು, ಬೆಂಕಿಯ ನಡುವೆ ಅತಿಥಿಗಳನ್ನು ಕಾಯ್ದ ನೌಕರರು. ದಾಳಿಯಲ್ಲಿ ಮಡಿದ 31 ಮಂದಿಯ ಹೆಸರುಗಳನ್ನು ಹೋಟೆಲಿನೊಳಗಿನ ಸ್ಮಾರಕದಲ್ಲಿ ಕೆತ್ತಲಾಗಿದೆ. ಅತಿಥಿಗಳ ಹೆಸರುಗಳೂ ನೌಕರರ ಹೆಸರುಗಳೂ ಅಲ್ಲಿ ಒಟ್ಟಿಗೆ ಇವೆ.